ಲೇಕ್ ಹೌಸ್‌ನ ಮುಕ್ಕಾಲು ಪಾಲು: ಶ್ರೀಲಂಕಾದ ಮಾಧ್ಯಮ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಸಿಂಹಳದ ‘ದಿನಮಿಣ’, ಇಂಗ್ಲಿಷಿನ ‘ಡೈಲಿ ನ್ಯೂಸ್’, ತಮಿಳಿನ ‘ತಿನಕರನ್’ ಮೂರೂ ಹೊರಡುವ ಕೊಲಂಬೊದ ಲೇಕ್ ಹೌಸ್ ಕುರಿತು ಈ ಪತ್ರ. ಹೊಸ ಕಾನೂನು ಮಾಡಿ ಎಂದು ನಾವು ಕೇಳುತ್ತಿಲ್ಲ. ಹಳೆಯದನ್ನೇ ಪೂರ್ತಿ ಜಾರಿ ಮಾಡಿ.

ಡಿ.ಆರ್. ವಿಜೆವರ್ಧನ ಕಟ್ಟಿದ ಈ ಪತ್ರಿಕಾ ಸಂಸ್ಥೆಯನ್ನು ಸರ್ಕಾರದ ಹಿಡಿತಕ್ಕೆ ತರಲು ಪ್ರಧಾನಿ ಸಿರಿಮಾವೊ ಬಂಡಾರನಾಯಿಕೆ 1964ರಲ್ಲೇ ಕೈ ಹಾಕಿದ್ದರು. ಆಗ ಅವರದೇ ಸಚಿವ ಸಿ.ಪಿ. ಡಿ ಸಿಲ್ವ 13 ಸದಸ್ಯರೊಡನೆ ವಿರೋಧ ಪಕ್ಷದ ಸಾಲಿಗೆ ಹೋಗಿ ಕೂತರು, ಒಂದು ಮತದಲ್ಲಿ ಸರ್ಕಾರ ಬಿತ್ತು. ಮತ್ತೆ ಗೆದ್ದು ಬಂದ ಸಿರಿಮಾವೊ 1973ರ 28ನೇ ಕಾನೂನಿನ ಮೂಲಕ ಶೇ 75ರಷ್ಟು ಷೇರುಗಳನ್ನು ಪಬ್ಲಿಕ್ ಟ್ರಸ್ಟಿ ಎಂಬ ಸರ್ಕಾರಿ ಅಧಿಕಾರಿಯ ಹೆಸರಿಗೆ ಮಾಡಿಸಿದರು. ಆ ಷೇರುಗಳನ್ನು ಮುಂದೆ ಜನರಿಗೆ ಹಂಚಿ ಒಡೆತನ ಹರಡಬೇಕು ಎಂಬುದೂ ಅದೇ ಕಾನೂನಿನ ಮಾತು. ಅದು ಇವತ್ತಿಗೂ ಆಗಿಲ್ಲ.

ಯಾಕೆಂದರೆ ಈ ಹಿಡಿತವನ್ನು ಬೈದವರಿಗೂ ಅಧಿಕಾರ ಸಿಕ್ಕ ಮೇಲೆ ಅದು ಬೇಕಾಗಿತ್ತು. 1977ರಲ್ಲಿ ಅಧಿಕಾರಕ್ಕೆ ಬಂದ ಜೆ.ಆರ್. ಜಯವರ್ಧನೆ ಸ್ಥಾಪಕರ ಸೋದರಳಿಯ, ಅವರೂ ಬಿಡಲಿಲ್ಲ. 1994ರಲ್ಲಿ ಗೆದ್ದ ಚಂದ್ರಿಕಾ ಕುಮಾರತುಂಗ ಅವರ ಕಾಲದ ಸಮಿತಿಯೊಂದು ಷೇರು ಹಂಚಲು ಶಿಫಾರಸು ಮಾಡಿತು, ವರದಿ ಕಡತ ಸೇರಿತು. 2018ರ ಅಕ್ಟೋಬರ್ 26ರಂದು ಪ್ರಧಾನಿ ರನಿಲ್ ವಿಕ್ರಮಸಿಂಘೆ ವಜಾ ಆದಾಗ, ಅವರ ಜಾಗಕ್ಕೆ ನೇಮಕವಾದ ಮಹಿಂದ ರಾಜಪಕ್ಸ ಅವರ ಬೆಂಬಲಿಗರು ಸರ್ಕಾರಿ ಮಾಧ್ಯಮ ಕಚೇರಿಗಳಿಗೆ ನುಗ್ಗಿದರು. ಸರ್ಕಾರಿ ಟಿ.ವಿ. ರೂಪವಾಹಿನಿಯ ಪ್ರಸಾರ ಕೆಲಕಾಲ ನಿಂತಿತು, ಲೇಕ್ ಹೌಸ್ ಪತ್ರಿಕೆಗಳೂ ಕೈ ಬದಲಾದವು.

ಕೀಲಿ ಇರುವುದು ಒಂದೇ ಕಡೆ. ಮುಕ್ಕಾಲು ಪಾಲು ಷೇರು ಯಾರ ಹಿಡಿತದಲ್ಲೋ ಆಡಳಿತ ಮಂಡಳಿ ಅವರದು. ಸಂಪಾದಕರನ್ನು ಕೂರಿಸುವುದೂ ಏಳಿಸುವುದೂ ಆ ಮಂಡಳಿ. ಸರ್ಕಾರ ಬದಲಾದರೆ ಅಧ್ಯಕ್ಷರು ಹೋಗುತ್ತಾರೆ, ಹಿಂದೆಯೇ ಸಂಪಾದಕೀಯದ ದನಿಯೂ ತಿರುಗುತ್ತದೆ.

ಹಾಗೆಂದು ನಾಳೆಯೇ ಹರಾಜು ಕೂಗಬೇಡಿ. 1973ಕ್ಕೆ ಮೊದಲು ಲೇಕ್ ಹೌಸ್ ಜಯವರ್ಧನೆಯವರ ಪಕ್ಷವಾದ ಯುಎನ್‌ಪಿ ಕಡೆ ವಾಲಿದ್ದು ಗೊತ್ತಿರುವುದೇ. ಒಬ್ಬ ಧಣಿಯ ಕೈಯಿಂದ ಇನ್ನೊಬ್ಬನ ಕೈಗೆ ಹೋದರೆ ಪ್ರಯೋಜನವಿಲ್ಲ. ಮೊದಲು ಒಬ್ಬರು, ಅವರ ಬಂಧುಗಳು, ಅವರ ಕಂಪನಿಗಳು ಎಲ್ಲ ಸೇರಿ ಎಷ್ಟು ಷೇರು ಹೊಂದಬಹುದೆಂಬ ಮಿತಿ ಗೊತ್ತಾಗಲಿ. ಬೇನಾಮಿ ಖರೀದಿ ಸಿಕ್ಕಿಬಿದ್ದರೆ ಮತದ ಹಕ್ಕು ರದ್ದಾಗಲಿ. ನಂತರ ನೌಕರರಿಗೆ ಒಂದು ಪಾಲು ಮೀಸಲಿಟ್ಟು, ಉಳಿದದ್ದನ್ನು ಕಂತುಕಂತಾಗಿ ಮಾರಿ. ಮಾರಾಟ ಮುಗಿಯುವವರೆಗೆ ಟ್ರಸ್ಟಿಯ ಮತ ಸಚಿವರ ಸೂಚನೆಯಂತೆ ಬೀಳಬಾರದು. ನಿರ್ದೇಶಕರ ಅವಧಿ ಚುನಾವಣೆಯ ಜತೆಗೇ ಮುಗಿಯಬಾರದು. ಸರ್ಕಾರಿ ಜಾಹೀರಾತಿಗೆ ಪ್ರಸಾರ ಸಂಖ್ಯೆ ಆಧರಿಸಿದ ದರಪಟ್ಟಿ ಬೇಕು. ಇಲ್ಲವಾದರೆ ಷೇರು ಮಾರಿದ ಮೇಲೂ ಮೂಗುದಾರ ಖಜಾನೆಯ ಕೈಯಲ್ಲೇ ಇರುತ್ತದೆ.

ಮೊದಲ ಕಂತಿನ ದಿನಾಂಕವನ್ನು ಸಂಸತ್ತಿನಲ್ಲಿ ತಿಳಿಸಿ. ಅಂದಿನ ‘ದಿನಮಿಣ’ ಅದನ್ನು ಯಾವ ಪುಟದಲ್ಲಿ ಹಾಕುತ್ತದೆಂದು ನೋಡುತ್ತೇವೆ.

ಇಂತಿ,
ನೆರೆಯ ನಾಡಿನ ಪತ್ರಿಕಾ ಓದುಗರು