ಕೆಳಗಿನ ಮನೆ ಬಾಡಿಗೆಗಿದೆ ಕಣೋ

ಲೋ ಗುಂಡಣ್ಣ,

ನಿನ್ನ ವಾಯ್ಸ್ ಮೆಸೇಜು ಕೇಳಿದೆ. ಅರ್ಧ ನಿಮ್ಮ ಲೇಔಟಿನ ನೀರಿನ ಟ್ಯಾಂಕರ್ ಗಲಾಟೆ, ಕಾಲು ಭಾಗ ನನ್ನ ಹೊಟ್ಟೆ, ಉಳಿದಿದ್ದರಲ್ಲಿ ಎರಡು ಪ್ರಶ್ನೆ. ಕೆನಡಾದಲ್ಲಿ ರಾಜಕೀಯ ಹೇಗಿದೆ? ಅಕ್ಕನ ಮಗನನ್ನು ಓದೋಕೆ ಅಲ್ಲಿಗೆ ಕಳಿಸಬಹುದಾ? ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ನನಗೆ ಮಾತು ಮುಗಿಸೋಕೆ ಬಿಡುವುದಿಲ್ಲ, ಇಲ್ಲಿ ಬರೆದರೆ ನಾಲ್ಕು ಜನ ಲೈಕ್ ಆದರೂ ಒತ್ತುತ್ತಾರೆ.

ರಾಜಕೀಯದಿಂದ ಶುರು ಮಾಡುತ್ತೇನೆ, ಅದು ಸುಲಭ.

ನಾವಿರುವುದು ರಾಜಧಾನಿ ಒಟ್ಟಾವಾದ ನೇಪಿಯನ್ ಕ್ಷೇತ್ರದಲ್ಲಿ. 2015ರಿಂದ ಇಲ್ಲಿ ಎಂಪಿ ಆಗಿದ್ದವರು ಶಿರಾ ತಾಲ್ಲೂಕಿನ ದ್ವಾರಾಳು ಊರಿನ ಚಂದ್ರ ಆರ್ಯ. 2022ರಲ್ಲಿ ಅವರು ಪಾರ್ಲಿಮೆಂಟಿನಲ್ಲಿ ಕನ್ನಡ ಮಾತಾಡಿದ ವಿಡಿಯೋವನ್ನು ನೀನೇ ಎಲ್ಲಾ ಗ್ರೂಪಿಗೂ ಹಾಕಿ, "ಇವರು ನಿಮ್ಮ ಏರಿಯಾದವರಾ?" ಅಂತ ಕೇಳಿದ್ದೆ. ಹೌದು ಅಂತ ನಾನು ಎದೆ ಉಬ್ಬಿಸಿದ್ದೆ, ಅವರ ಗೆಲುವಿಗೆ ನಾನೇ ಮನೆ ಮನೆ ತಿರುಗಿದವನ ಥರ. 2025ರ ಮಾರ್ಚಿನಲ್ಲಿ ಅವರದೇ ಪಕ್ಷ, ಆಳುವ ಲಿಬರಲ್ ಪಕ್ಷ, ಅವರಿಗೆ ಟಿಕೆಟ್ ತಪ್ಪಿಸಿತು. ಆ ಜಾಗಕ್ಕೆ ಹೊಸ ಪ್ರಧಾನಿ ಮಾರ್ಕ್ ಕಾರ್ನಿ ಬಂದು ನಿಂತರು. ನಮ್ಮವರಲ್ಲಿ ಕೂಡಲೇ ಎರಡು ಪಂಗಡ ಆಯಿತು. ಒಂದು, ನಮ್ಮ ಮನುಷ್ಯನಿಗೆ ಅನ್ಯಾಯ ಆಯಿತು ಅನ್ನುವ ಪಂಗಡ. ಇನ್ನೊಂದು, ಪ್ರಧಾನಿ ಕ್ಷೇತ್ರ ಆಯಿತಲ್ಲ, ಇನ್ನು ನಮ್ಮ ರಸ್ತೆಯ ಹಿಮ ಬೇಗ ತೆಗೆಯುತ್ತಾರೆ ಅನ್ನುವ ಪಂಗಡ. ಹಿಮ ತೆಗೆಯುವುದು ಸಿಟಿಯವರ ಕೆಲಸ ಅಂತ ಹೇಳೋಕೆ ನನಗೆ ಮನಸ್ಸು ಬರಲಿಲ್ಲ. ಅಷ್ಟು ಆಸೆ ಇಟ್ಟುಕೊಂಡಿದ್ದರು ಪಾಪ.

ಪಕ್ಕದ ಕ್ಷೇತ್ರ ಕಾರ್ಲ್‌ಟನ್. ಅಲ್ಲಿ ನಿಂತಿದ್ದವರು ವಿರೋಧ ಪಕ್ಷ ಕನ್ಸರ್ವೇಟಿವ್‌ನ ನಾಯಕ ಪಿಯರ್ ಪೊಲಿಯೆವ್. 2004ರಿಂದ ಎಂಪಿ, 2024ರಲ್ಲಿ ಎಲ್ಲಾ ಸರ್ವೆಗಳಲ್ಲೂ ಮುಂದಿನ ಪ್ರಧಾನಿ. ಆಮೇಲೆ ಆಗಿನ ಪ್ರಧಾನಿ ಟ್ರೂಡೊ ರಾಜೀನಾಮೆ ಘೋಷಿಸಿದರು, ಟ್ರಂಪ್ ಕೆನಡಾವನ್ನು 51ನೇ ರಾಜ್ಯ ಮಾಡ್ತೀನಿ ಅಂದ, ಲೆಕ್ಕ ಎಲ್ಲ ತಲೆಕೆಳಗಾಯಿತು. 2025ರ ಏಪ್ರಿಲ್ 28ರ ಚುನಾವಣೆಯಲ್ಲಿ ಪೊಲಿಯೆವ್ ತನ್ನ ಸ್ವಂತ ಕ್ಷೇತ್ರದಲ್ಲೇ ಸೋತರು. ಆ ಕ್ಷೇತ್ರದಲ್ಲಿ 91 ಜನ ಅಭ್ಯರ್ಥಿಗಳು. ಚುನಾವಣಾ ಪದ್ಧತಿ ಸರಿ ಇಲ್ಲ ಅಂತ ಪ್ರತಿಭಟನೆಗೆ ನಿಂತವರೇ ಬಹಳ ಜನ. ಮತಪತ್ರ ಹತ್ತಿರ ಹತ್ತಿರ ಒಂದು ಮೀಟರ್ ಉದ್ದ. ಅಲ್ಲಿರುವ ನಮ್ಮ ಮೈಸೂರಿನವರೊಬ್ಬರು ಹೇಳಿದರು, ಕಲ್ಯಾಣಮಂಟಪದಲ್ಲಿ ಊಟದ ಟೇಬಲ್ ಮೇಲೆ ಉರುಳಿಸುವ ಪೇಪರ್ ರೋಲ್ ಇದ್ದ ಹಾಗಿತ್ತಂತೆ. ಹುಡುಕಿ ಗುರುತು ಹಾಕುವುದು ಒಂದು ಕಷ್ಟ, ಮಡಚಿ ಡಬ್ಬಿಗೆ ತುರುಕುವುದು ಇನ್ನೊಂದು. ಆಗಸ್ಟಿನಲ್ಲಿ ಆಲ್ಬರ್ಟಾದ ಒಂದು ಉಪಚುನಾವಣೆಯಲ್ಲಿ ಪೊಲಿಯೆವ್ ಗೆದ್ದು ವಾಪಸ್ ಬಂದರು. ಅಲ್ಲಿ 214 ಜನ ನಿಂತಿದ್ದರು, ಹೆಸರು ಅಚ್ಚು ಹಾಕೋಕೇ ಹೋಗಲಿಲ್ಲ. ಬೇಕಾದವರ ಹೆಸರನ್ನು ಪೆನ್ಸಿಲ್ಲಿನಲ್ಲಿ ಬರೆದು ಹಾಕಿ ಅಂದರು.

ಪೆನ್ಸಿಲ್ ಅಂದಾಗ ನೆನಪಾಯಿತು. ಇಲ್ಲಿ ಬೆರಳಿಗೆ ಶಾಯಿ ಹಚ್ಚುವುದಿಲ್ಲ. ಮೊದಲ ಸಲ ವೋಟು ಹಾಕಿ ಹೊರಗೆ ಬಂದು ಏನು ಫೋಟೊ ಹಾಕಬೇಕು ಅಂತ ಗೊತ್ತಾಗದೆ ಪಾರ್ಕಿಂಗ್ ಲಾಟಿನಲ್ಲಿ ಬೋಳು ಬೆರಳು ನೋಡಿಕೊಂಡು ನಿಂತಿದ್ದೆ. ಒಂದು ವೋಟಿನಿಂದ ಏನಾಗುತ್ತೆ ಅಂತ ನೀನು ಯಾವಾಗಲೂ ಕೇಳುತ್ತೀಯಲ್ಲ, ಕ್ವಿಬೆಕ್ಕಿನ ಟೆರ್‌ಬಾನ್ ಕ್ಷೇತ್ರದಲ್ಲಿ ಮರುಎಣಿಕೆ ಆದಮೇಲೆ ಲಿಬರಲ್ ಅಭ್ಯರ್ಥಿ ಗೆದ್ದಿದ್ದು ಒಂದೇ ವೋಟಿನಿಂದ. ಕ್ವಿಬೆಕ್ಕಿನ ಪ್ರಾದೇಶಿಕ ಪಕ್ಷ ಬ್ಲಾಕ್‌ಗೆ ಹಾಕಿದ್ದ ಒಬ್ಬರ ಅಂಚೆ ಮತ ವಾಪಸ್ ಬಂದಿತ್ತು. ಲಕೋಟೆ ಮೇಲೆ ಚುನಾವಣಾ ಕಚೇರಿಯವರೇ ಪಿನ್‌ಕೋಡ್ ತಪ್ಪಾಗಿ ಅಚ್ಚು ಹಾಕಿದ್ದರು. ವಿಷಯ ಕೋರ್ಟಿಗೆ ಹೋಯಿತು.

ಆ ಚುನಾವಣೆಯಲ್ಲಿ ಲಿಬರಲ್ಲರಿಗೆ ಬಂದಿದ್ದು 169 ಸೀಟು, ಬಹುಮತಕ್ಕೆ ಬೇಕಿದ್ದು 172. 2025ರ ನವೆಂಬರಿನಲ್ಲಿ ಬಜೆಟ್ ಮಂಡಿಸಿದ ದಿನವೇ ನೋವಾ ಸ್ಕೋಷಿಯಾದ ಒಬ್ಬ ಕನ್ಸರ್ವೇಟಿವ್ ಎಂಪಿ ಎದ್ದು ಲಿಬರಲ್ ಪಕ್ಷಕ್ಕೆ ಬಂದರು. ರಾಜೀನಾಮೆ ಇಲ್ಲ, ಉಪಚುನಾವಣೆ ಇಲ್ಲ, ಪಕ್ಷಾಂತರ ನಿಷೇಧ ಕಾಯ್ದೆ ಅಂತ ಇಲ್ಲಿ ಇಲ್ಲವೇ ಇಲ್ಲ. ರೆಸಾರ್ಟ್ ಕೂಡ ಇಲ್ಲ. ನನಗಂತೂ ತುಂಬಾ ನಿರಾಸೆ ಆಯಿತು. ಕೊನೆಗೆ ಬಜೆಟ್ ಪಾಸಾಗಿದ್ದು 170ಕ್ಕೆ 168ರಲ್ಲಿ. ನಮ್ಮ ಊರಿಗೆ ಆ ಬಜೆಟ್ಟಿನ ಬಿಸಿ ಜೋರಾಗಿದೆ. ಕೇಂದ್ರ ಸರ್ಕಾರಿ ನೌಕರರನ್ನು 2028-29ರ ಹೊತ್ತಿಗೆ ಸುಮಾರು 3,30,000ಕ್ಕೆ ಇಳಿಸುತ್ತಾರಂತೆ. ಒಟ್ಟಾವಾದಲ್ಲಿ ಮೂರು ಮನೆಗೆ ಒಬ್ಬರು ಸರ್ಕಾರಿ ನೌಕರರು ಅಂದುಕೋ, ಎಲ್ಲರೂ ಈಗ ಇಮೇಲ್ ತೆಗೆಯೋಕೆ ಹೆದರುತ್ತಾರೆ.

ಇಷ್ಟು ಸಾಕಾ? ಸಾಕು. ಈಗ ಅಕ್ಕನ ಮಗನ ವಿಷಯ.

2025ರ ಸಂಕ್ರಾಂತಿಗೆ ನಮ್ಮ ಮನೆಯಲ್ಲಿ ಒಂದಷ್ಟು ಕನ್ನಡದವರು ಸೇರಿದ್ದೆವು. ಟ್ರೂಡೊ ರಾಜೀನಾಮೆ ಘೋಷಿಸಿ ವಾರವಾಗಿತ್ತು, ಆದ್ದರಿಂದ ಎಳ್ಳು ಬೆಲ್ಲಕ್ಕಿಂತ ಜಾಸ್ತಿ ಖರ್ಚಾಗಿದ್ದು ರಾಜಕೀಯ. ಟ್ರಾನ್ಸ್‌ಪೋರ್ಟ್ ಕಂಪನಿಯಲ್ಲಿರುವ ಒಬ್ಬರು ಇಂಧನಕ್ಕೆ ಹಾಕಿದ್ದ ಕಾರ್ಬನ್ ಟ್ಯಾಕ್ಸ್ ಮೇಲೆ ಹರಿಹಾಯ್ದರು. ಅವರ ಹೆಂಡತಿ, ಮಗಳ ಡೇಕೇರ್ ದಿನಕ್ಕೆ 22 ಡಾಲರಿಗೆ ಇಳಿದಿದ್ದು ಯಾರಿಂದ ಅಂತ ಅಲ್ಲೇ ಕೇಳಿದರು. ಇಬ್ಬರೂ ಒಂದೇ ಕಾರಿನಲ್ಲಿ ವಾಪಸ್ ಹೋಗಬೇಕಿತ್ತು, ಅದು ನೆನಪಿಗೆ ಬಂದು ಗಂಡ ಸುಮ್ಮನಾದರು. ಅಪ್ಪ ಅಮ್ಮಂದಿರಿಗೆ ಕೊಡುವ ಸೂಪರ್ ವೀಸಾದಲ್ಲಿ ಬಂದಿದ್ದ ಮಂಡ್ಯದ ಆಂಟಿಯೊಬ್ಬರು, "ಇಷ್ಟೊಂದು ಜಾಗ ಇಟ್ಕಂಡು ಜನ ಬ್ಯಾಡ ಅಂತಾರಲ್ಲ, ಏನು ಬಂದಿರಾದು ಇವ್ರಿಗೆ?" ಅಂದರು.

ಆಂಟಿಗೆ ಉತ್ತರ ಕೊಡೋಕೆ ನಾನು ಎದ್ದೆ. ನಿನಗೆ ನನ್ನ ಭಾಷಣ ಗೊತ್ತಲ್ಲ. 2023ರಲ್ಲಿ ಜನಸಂಖ್ಯೆ ನಾಲ್ಕು ಕೋಟಿ ದಾಟಿತು, ಆ ಒಂದೇ ವರ್ಷದಲ್ಲಿ ಶೇ. 3.2 ಬೆಳವಣಿಗೆ, 1957ರ ನಂತರ ಇಷ್ಟು ಆಗಿರಲಿಲ್ಲ. ಮನೆ ಇಲ್ಲ, ಫ್ಯಾಮಿಲಿ ಡಾಕ್ಟರ್ ಇಲ್ಲ. ಸ್ಟೂಡೆಂಟ್ ಪರ್ಮಿಟ್‌ಗಳನ್ನು ಬೇಕಾಬಿಟ್ಟಿ ಕೊಟ್ಟರು, 2024ರ ಜನವರಿಯಲ್ಲಿ ಮಿತಿ ಹಾಕಿದ್ದು ಒಳ್ಳೇದೇ ಆಯಿತು, ಇನ್ನೂ ಮೊದಲೇ ಹಾಕಬೇಕಿತ್ತು ಅಂದೆ. ಒಂದೊಂದು ಬೇಸ್‌ಮೆಂಟಿನಲ್ಲಿ ಎಷ್ಟೆಷ್ಟು ಜನ ತುಂಬಿಕೊಂಡಿರುತ್ತಾರೆ ಗೊತ್ತಾ, ಅದು ಬದುಕಾ ಅಂದೆ.

ಆಗ ಬಾಗಿಲು ತೆಗೆದು ಒಬ್ಬ ಹುಡುಗ ಒಳಗೆ ಬಂದ. ಕಡೂರಿನ ಕಡೆಯವನು. ಜಾಕೆಟ್ ಮೇಲೆ ಹಿಮ, ಕೈಯಲ್ಲಿ ಉಪ್ಪಿನ ಬಕೆಟ್. "ಸಾರ್, ಮೆಟ್ಟಿಲಿಗೆಲ್ಲ ಉಪ್ಪು ಹಾಕಿದೀನಿ, ಹೋಗೋವಾಗ ಯಾರೂ ಜಾರಲ್ಲ" ಅಂದ. ನನ್ನ ಹೆಂಡತಿ ಅವನ ಕೈಗೆ ಎಳ್ಳು ಬೆಲ್ಲ ಹಾಕಿ, ಒಳ್ಳೆ ಮಾತಾಡು ಅಂದಳು. ಅವನಿಗೆ ಹೇಳುತ್ತಾ ನನ್ನ ಕಡೆ ನೋಡಿದಳು.

ಅವನು ಇದ್ದಿದ್ದು ನಮ್ಮ ಬೇಸ್‌ಮೆಂಟಿನಲ್ಲೇ ಕಣೋ. ಅವನು, ಮತ್ತೆ ಇಬ್ಬರು ತೆಲುಗು ಹುಡುಗರು. ಮೂವರಿಗೆ ಒಂದು ಬಾತ್‌ರೂಮು, ಒಂದು ಫ್ರಿಜ್ಜು, ಫ್ರಿಜ್ಜಿನಲ್ಲಿ ತಲೆಗೊಂದು ಶೆಲ್ಫು, ಶೆಲ್ಫಿಗೆ ಟೇಪ್ ಅಂಟಿಸಿ ಹೆಸರು. ಒಂದೇ ಒಂದು ಕಿಟಕಿ, ಜನವರಿಯಲ್ಲಿ ಅದೂ ಹಿಮದೊಳಗೆ ಹೂತು ಹೋಗಿರುತ್ತದೆ. ಅವರ ಬಾಡಿಗೆ ನನ್ನ ಮನೆ ಸಾಲದ ಕಂತಿಗೆ ಹೋಗುತ್ತಿತ್ತು. ಆ ದಿನ ಮೇಲೆ ಕೂತು ನಾನು ಯಾರ ಬಗ್ಗೆ ಮಾತಾಡಿದೆನೋ ಅವರು ಕೆಳಗೆ ಅನ್ನ ಮಾಡಿಕೊಳ್ಳುತ್ತಿದ್ದರು, ಒಗ್ಗರಣೆ ವಾಸನೆ ಮೇಲಕ್ಕೇ ಬರುತ್ತಿತ್ತು.

ಆಗ ನನಗೆ ಏನೂ ಅನ್ನಿಸಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಸರ್ಕಾರದ ನೀತಿ ಬೇರೆ, ನಮ್ಮ ಮನೆ ಹುಡುಗರು ಬೇರೆ ಅಂದುಕೊಂಡೆ. ಆಫೀಸಿನಲ್ಲಿ ನನ್ನ ಬಿಳಿ ಸಹೋದ್ಯೋಗಿಯೊಬ್ಬರು ಇದೇ ವಿಷಯ ತೆಗೆದು, ನಾನು ಹೇಳುತ್ತಿರುವುದು ನಿನ್ನಂಥವರ ಬಗ್ಗೆ ಅಲ್ಲ ಅಂದಿದ್ದರು. ನನಗೆ ಖುಷಿಯಾಗಿತ್ತು. ಬಾಗಿಲು ಹಾಕುತ್ತಿದ್ದಾರೆ, ನಾನು ಒಳಗಿದ್ದೇನೆ ಅನ್ನುವ ಖುಷಿ. ಎನ್ವಿರಾನಿಕ್ಸ್ ಅನ್ನುವ ಸಂಸ್ಥೆಯ 2024ರ ಸರ್ವೆಯಲ್ಲಿ ವಲಸೆ ಅತಿಯಾಯಿತು ಅಂದವರು ಶೇ. 58. ಎರಡು ವರ್ಷ ಹಿಂದೆ ಶೇ. 27 ಇತ್ತು. ಹೊಸದಾಗಿ ಸೇರಿಕೊಂಡವರಲ್ಲಿ ನನ್ನಂಥವರು ಎಷ್ಟು ಜನವೋ. ಬೆಂಗಳೂರಿನಲ್ಲಿ ನೀನು ಹೊರಗಿನವರು ಜಾಸ್ತಿಯಾದರು ಅಂತ ಕೂಗಾಡುವಾಗ, ಅರಸೀಕೆರೆಯಿಂದ ಟ್ರಂಕು ಹೊತ್ತು ಬಂದವನು ನೀನು ಅಂತ ನಾನೇ ನಿನ್ನ ಕಾಲೆಳೆಯುತ್ತಿದ್ದೆ. ಈಗ ನಿನ್ನ ಸರದಿ, ಎಳೆ.

ಇಲ್ಲಿ ಒಂದು ಅಡ್ಡ ಮಾತು. ಹುಡುಗರನ್ನು ಬೈಯುವುದು ಸುಲಭ, ಆದರೆ ಇದು ಹೇಗೆ ಆಯಿತು ನೋಡು. ಒಂಟಾರಿಯೊ ಪ್ರಾಂತ್ಯ 2019ರಲ್ಲಿ ಸ್ಥಳೀಯ ಮಕ್ಕಳ ಕಾಲೇಜು ಫೀಸು ಶೇ. 10 ಇಳಿಸಿ ಅಲ್ಲೇ ನಿಲ್ಲಿಸಿತು, ತಾನು ಕೊಡುವ ಹಣವನ್ನು ಅದಕ್ಕೆ ತಕ್ಕಂತೆ ಏರಿಸಲಿಲ್ಲ. ಕಾಲೇಜುಗಳು ಆ ತೂತನ್ನು ವಿದೇಶಿ ವಿದ್ಯಾರ್ಥಿಗಳ ಫೀಸಿನಿಂದ ಮುಚ್ಚಿಕೊಂಡವು. ಕೇಂದ್ರದವರು ಕೇಳಿದಷ್ಟು ಪರ್ಮಿಟ್ ಕೊಟ್ಟರು. ಊರಲ್ಲಿ ಏಜೆಂಟು ಕಮಿಷನ್ ತಗೊಂಡ. ಮನೆಯವನು ಬಾಡಿಗೆ ತಗೊಂಡ. ಕೊನೆಗೆ ಎಲ್ಲರ ಕಣ್ಣಿಗೆ ಬಿದ್ದವನು ಮಾತ್ರ ಮೈನಸ್ ಇಪ್ಪತ್ತರಲ್ಲಿ ಬೆನ್ನಿಗೆ ಊಟದ ಬ್ಯಾಗು ಹಾಕಿಕೊಂಡು ಬಸ್ಸಿಗೆ ಕಾಯುವ ಹುಡುಗ.

2025ರ ಬೇಸಿಗೆಯಲ್ಲಿ ಕೆಳಗಿನವರು ಖಾಲಿ ಮಾಡಿದರು. ಒಬ್ಬನಿಗೆ ಓದು ಮುಗಿದ ಮೇಲೆ ಕೆಲಸದ ಪರ್ಮಿಟ್ ಸಿಗಲಿಲ್ಲ. ಇನ್ನೊಬ್ಬ ಎಡ್ಮಂಟನ್‌ಗೆ ಹೋದ. ಕಡೂರಿನವನು ಊರಿಗೆ ವಾಪಸ್. ಹೋಗುವ ಮುಂಚೆ ಫ್ರಿಜ್ಜು ತೊಳೆದು, ಟೇಪ್ ಕಿತ್ತು, ಅಂಟು ಕೂಡ ಉಜ್ಜಿ ತೆಗೆದಿದ್ದ. ನಾನು ಜಾಹೀರಾತು ಹಾಕಿದೆ. ಮೊದಲು ಹಾಕಿದ ಸಂಜೆಯೇ ಫೋನ್ ಬಿಸಿಯಾಗುತ್ತಿತ್ತು, ಈ ಸಲ ಯಾರೂ ಕೇಳಲಿಲ್ಲ. ಬಾಡಿಗೆ ಇಳಿಸಿದೆ. ಆದರೂ ಇಲ್ಲ. ಕೇಂದ್ರ ಬ್ಯಾಂಕಿನ ದರ ಶೇ. 0.25 ಇದ್ದ ಕಾಲದಲ್ಲಿ, 2021ರಲ್ಲಿ, ಮನೆ ಸಾಲ ತಗೊಂಡವನು ನಾನು. ಐದು ವರ್ಷಕ್ಕೆ ದರ ಹೊಸದಾಗಿ ನಿಗದಿಯಾಗುತ್ತದೆ, 2026ರಲ್ಲಿ ನನ್ನ ಸರದಿ. ಈಗ ಬ್ಯಾಂಕಿನವರು ಹೇಳುತ್ತಿರುವ ಬಡ್ಡಿ ಹಳೆಯದರ ಡಬಲ್.

ನಾನು ಕೈ ಎತ್ತಿ ಬೆಂಬಲಿಸಿದ ನೀತಿ ನಮ್ಮ ಮನೆ ಮೆಟ್ಟಿಲಿಳಿದು ಕೆಳಗೆ ಬಂದು ಕೂತಿದೆ ಕಣೋ.

ಈಗ ನಿಜವಾಗಿ ಹೇಳಬೇಕಾಗಿದ್ದ ವಿಷಯ. ಮಾರ್ಚಿನಲ್ಲಿ ನೀನು ಮೊದಲ ಸಲ ಕೇಳಿದಾಗ ನಾನು ಏನಂದೆ? ಬೇಡವೇ ಬೇಡ, ಇಲ್ಲಿ ಕೆಲಸ ಇಲ್ಲ, ಜನರ ಮನಸ್ಸು ಸರಿ ಇಲ್ಲ ಅಂದೆ. ಅಕ್ಟೋಬರಿನಲ್ಲಿ ನಾನೇ ಫೋನ್ ಮಾಡಿ, ಪರವಾಗಿಲ್ಲ ಕಳಿಸು, ನಮ್ಮ ಮನೆಯಲ್ಲೇ ಇರಲಿ, ಊಟಕ್ಕೂ ತೊಂದರೆ ಇಲ್ಲ ಅಂದೆ. ನೀನು ಗೆಳೆಯ ಅಂದರೆ ಇವನು ಅಂತ ಗದ್ಗದ ಆದೆ. ಅಕ್ಕನೂ ಫೋನ್ ತಗೊಂಡು, "ನೀನಿದೀಯಲ್ಲಪ್ಪ, ಇನ್ನೇನು ಯೋಚನೆ" ಅಂದರು. ಆ ಮಧ್ಯೆ ಕೆನಡಾದಲ್ಲಿ ಸುಧಾರಿಸಿದ್ದು ಏನೂ ಇಲ್ಲ. ನನ್ನ ಬೇಸ್‌ಮೆಂಟ್ ಖಾಲಿಯಾಯಿತು, ಅಷ್ಟೇ. ಅಕ್ಕ ಹಾಗೆ ಅಂದಾಗಿನಿಂದ ನನಗೆ ನಿದ್ದೆ ಸರಿ ಬರುತ್ತಿಲ್ಲ. ಬಾಲ್ಯದಲ್ಲಿ ಅವರ ಕೈತುತ್ತು ತಿಂದು ಬೆಳೆದವನು, ಅವರ ಮಗನ ಮುಖ ನೆನೆಸಿಕೊಂಡರೆ ಮೊದಲು ಕಣ್ಣಿಗೆ ಬರುವುದು ಬಾಡಿಗೆ ಲೆಕ್ಕ ಅಂದರೆ ಏನು ಹೇಳಲಿ.

ಆದ್ದರಿಂದ ಸರಿಯಾದ ಲೆಕ್ಕ ಇಲ್ಲೇ, ಎಲ್ಲರ ಮುಂದೆ ಕೊಡುತ್ತೇನೆ. ಫೀಸು ಬಿಟ್ಟು, ಖರ್ಚಿಗೇ ಅಂತ 2025ರ ಸೆಪ್ಟೆಂಬರಿನಲ್ಲಿ ನಿಗದಿಯಾದಂತೆ 22,895 ಡಾಲರ್ ತೋರಿಸಬೇಕು. 2023ರವರೆಗೆ ಇದು 10,000 ಇತ್ತು. 2026ರಲ್ಲಿ ಹೊಸದಾಗಿ ಬಿಟ್ಟುಕೊಳ್ಳುವ ವಿದ್ಯಾರ್ಥಿಗಳು 1,55,000, ಇಡೀ ಪ್ರಪಂಚದಿಂದ. ಡಿಪ್ಲೊಮಾ ಆದರೆ ಯಾವ ಕೋರ್ಸು ಅನ್ನುವುದರ ಮೇಲೆ ಮುಂದಿನ ಕೆಲಸದ ಪರ್ಮಿಟ್ ನಿಂತಿದೆ. ಡಿಗ್ರಿಗೆ ಆ ತೊಂದರೆ ಇಲ್ಲ. ಹುಡುಗನಿಗೆ ಒಳ್ಳೆ ಯೂನಿವರ್ಸಿಟಿಯಲ್ಲಿ ಮಾಸ್ಟರ್ಸ್ ಸಿಕ್ಕಿದರೆ ಬರಲಿ. ಏಜೆಂಟು ಹೇಳಿದ ಯಾವುದೋ ಕಾಲೇಜಿಗೆ ಜಮೀನು ಮಾರಿಕೊಂಡು ಬರೋದು ಬೇಡ, ನಾನು ಕಾಲು ಹಿಡಿದು ಕರೆದರೂ ಬೇಡ.

ಛೆ, ಎಷ್ಟು ಸೀರಿಯಸ್ ಆಗಿಬಿಟ್ಟೆ ನೋಡು. ನಿನ್ನ ಟ್ಯಾಂಕರ್ ಗಲಾಟೆಗೆ ಉತ್ತರ ಬರೆಯಲೇ ಇಲ್ಲ. ಇಲ್ಲಿ ನೀರು ಬೇಕಾದಷ್ಟಿದೆ, ಐದು ತಿಂಗಳು ಗಟ್ಟಿಯಾಗಿರುತ್ತದೆ ಅಷ್ಟೇ. ಮತ್ತೆ ನೀನು ಇಲ್ಲಿಗೆ ಬಂದಾಗ ತಗೊಂಡು ಹೋಗುತ್ತೇನೆ ಅಂದಿದ್ದ ಅಮೆರಿಕದ ಬಾಟಲಿ ಸಿಗುವುದಿಲ್ಲ. ಟ್ರಂಪ್ ಹಾಕಿದ ಸುಂಕದ ಸಿಟ್ಟಿಗೆ ಒಂಟಾರಿಯೊ ಸರ್ಕಾರ 2025ರ ಮಾರ್ಚಿನಲ್ಲೇ ಅದನ್ನೆಲ್ಲ ಅಂಗಡಿಯಿಂದ ತೆಗೆಸಿತು. ದೇಶಭಕ್ತಿಗಾಗಿ ಮೇಪಲ್ ಸಿರಪ್ ಕುಡಿ. ಅಕ್ಕನಿಗೆ ಇದನ್ನು ಓದಿ ಹೇಳು, ಕೈತುತ್ತಿನ ಸಾಲು ಜೋರಾಗಿ ಓದು, ಅದರ ಮುಂದಿನದು ನುಂಗಿಬಿಡು.

ನಿನ್ನ,
ಹೊಟ್ಟೆ

ಮರೆತಿದ್ದೆ: ಓದುವವರಲ್ಲಿ ಯಾರಾದರೂ ನೇಪಿಯನ್ ಕಡೆ ಮನೆ ಹುಡುಕುತ್ತಿದ್ದರೆ ಇನ್‌ಬಾಕ್ಸ್‌ಗೆ ಬನ್ನಿ. ಇಬ್ಬರಿಗೆ ಮಾತ್ರ. ಕಾರ್ ಪಾರ್ಕಿಂಗ್ ಇಲ್ಲ. ವಾಷಿಂಗ್ ಮೆಷಿನ್ ಭಾನುವಾರ. ಸಸ್ಯಾಹಾರಿಗಳೇ ಆಗಬೇಕು ಅಂತೇನಿಲ್ಲ, ಮೇಲಿನವರೂ ಅಲ್ಲ. ಮನೆ ಓನರ್ ರಾಜಕೀಯ ಮಾತಾಡುತ್ತಾನೆ, ಅದಕ್ಕೆ ಬಾಡಿಗೆಯಲ್ಲಿ ಸ್ವಲ್ಪ ಬಿಡುತ್ತೇವೆ.