ಸಂಪಾದಕೀಯ: ದಿನಾ ತೆಗೆಯುತ್ತಿದ್ದ ಬಾಗಿಲು

ಅಮ್ಮ ತೀರಿಕೊಂಡದ್ದು ಜೂನ್ ಎರಡನೆಯ ವಾರದಲ್ಲಿ, ಮಳೆ ಹಿಡಿದು ನಾಲ್ಕೈದು ದಿನಗಳಾಗಿದ್ದಾಗ. ಸುದ್ದಿ ತಿಳಿದ ರಾತ್ರಿಯೇ ಹೊರಟರೂ ಎರಡು ವಿಮಾನ ಬದಲಿಸಿ, ಮಂಗಳೂರಿನಲ್ಲಿ ಕೊಂಕಣ ರೈಲು ಹಿಡಿದು ಹೊನ್ನಾವರದಲ್ಲಿ ಇಳಿಯುವಷ್ಟರಲ್ಲಿ ದಹನ ಮುಗಿದು ಒಂದೂವರೆ ದಿನ ಕಳೆದಿತ್ತು. ಹೊರದೇಶದಲ್ಲಿರುವ ನಮ್ಮ ಸಂಘದ ಸದಸ್ಯರಲ್ಲಿ ಬಹಳ ಮಂದಿ ಈ ತಡವನ್ನು ಉಂಡವರೇ ಆದ್ದರಿಂದ ಅದನ್ನು ಇಲ್ಲಿ ವಿವರಿಸುವುದಿಲ್ಲ. ಕ್ರಿಯೆಯ ದಿನಗಳುದ್ದಕ್ಕೂ ಮನೆಯ ತುಂಬ ನೆಂಟರಿದ್ದರು, ಒಲೆ ಆರಲಿಲ್ಲ, ಮಾತು ನಿಲ್ಲಲಿಲ್ಲ. ಎಲ್ಲ ಮುಗಿದ ಮೇಲೆ ಬೆಂಗಳೂರಿನಲ್ಲಿರುವ ಅಣ್ಣನೂ ನಾನೂ ಬಾಗಿಲಿಗೆ ಬೀಗ ಹಾಕಿ, ಬೀಗದಕೈಯನ್ನು ಪಕ್ಕದ ಮನೆಯವರ ಕೈಯಲ್ಲಿಟ್ಟು, ನಮ್ಮ ನಮ್ಮ ಕೆಲಸಗಳಿಗೆ ಮರಳಿದೆವು. ಅಪ್ಪ ಹೋಗಿ ಆರು ವರ್ಷಗಳಾಗಿದ್ದರಿಂದ, ಆ ಮನೆಯಲ್ಲಿ ಯಾರೂ ಇಲ್ಲದ ಮೊದಲ ಮಳೆಗಾಲ ಅದು.

ನಾನು ಬರೆಯಲು ಕುಳಿತಿರುವುದು ಸೆಪ್ಟೆಂಬರ್ ಕೊನೆಯಲ್ಲಿ ಮಾಡಿದ ಎರಡನೆಯ ಪ್ರಯಾಣದ ಬಗ್ಗೆ. ಆ ಸಲ ಯಾರೂ ಎದುರುಗೊಳ್ಳಲು ಬಂದಿರಲಿಲ್ಲ, ಬರಬೇಕಾದ ಕಾರಣವೂ ಇರಲಿಲ್ಲ. ಅಂಗಳದಲ್ಲಿ ಪಾಚಿ ಕಟ್ಟಿ ಕಾಲಿಟ್ಟಲ್ಲೆಲ್ಲ ಜಾರುತ್ತಿತ್ತು. ಪ್ರತಿ ವರ್ಷ ಮಳೆಗಾಲದಲ್ಲಿ ಮೆಟ್ಟಿಲಿನಿಂದ ಬಾವಿಕಟ್ಟೆಯವರೆಗೆ ಅಡಿಕೆ ದಬ್ಬೆ ಹಾಸುತ್ತಿದ್ದರಲ್ಲ, ಈ ವರ್ಷ ಅದನ್ನು ಹಾಸಿದವರಿಲ್ಲ. ಬಾಗಿಲು ತೆಗೆದರೆ ಚಾವಡಿಯಲ್ಲಿ ಅಮ್ಮ ಕೂರುತ್ತಿದ್ದ ಮರದ ಕುರ್ಚಿಗೆ ಬಿಳಿ ಬೂಷ್ಟು ಹಿಡಿದಿತ್ತು. ಹತ್ತಿರ ಹೋಗಿ ನೋಡಿದೆ. ಬೆನ್ನಿಗೂ ಕಾಲುಗಳಿಗೂ ಅಲ್ಲಲ್ಲಿ ತೆಳ್ಳಗೆ ಹರಡಿದ್ದ ಬೂಷ್ಟು ಎರಡೂ ಕೈಗಳ ತುದಿಯಲ್ಲಿ, ಅವಳ ಅಂಗೈ ಸದಾ ಊರಿರುತ್ತಿದ್ದ ಜಾಗದಲ್ಲಿ, ಅಕ್ಕಿಹಿಟ್ಟು ಚೆಲ್ಲಿದಷ್ಟು ದಟ್ಟವಾಗಿತ್ತು. ಮೈಯ ಜಿಡ್ಡು, ಬೆವರು ಇಳಿದ ಮರಕ್ಕೆ ಬೂಷ್ಟು ಬೇಗ ಹತ್ತುತ್ತದೆ ಎಂಬುದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಆದರೂ ಅದನ್ನು ಒರೆಸಲು ಆ ದಿನ ನನಗೆ ಕೈ ಬರಲಿಲ್ಲ.

ಪಕ್ಕದ ಮನೆಯವರು ಬೀಗದಕೈ ಕೊಡುವಾಗಲೇ ಏನೋ ತಪ್ಪು ಮಾಡಿದವರಂತೆ ಹೇಳಿದ್ದರು: “ವಾರಕ್ಕೊಂದು ಸಲ ಬಂದು ಬಾಗಿಲು ತೆಗೆದು ಗಾಳಿ ಆಡಿಸಿದ್ದೇನೆ ತಂಗಿ. ಆದರೆ ಅಮ್ಮ ದಿನಾ ತೆಗೀತಿದ್ದರಲ್ಲ.”

ನಾನು ಆ ಮನೆಯಲ್ಲಿ ಕಳೆದ ಹನ್ನೊಂದು ದಿನವೂ ಈ ಮಾತನ್ನೇ ಹಿಡಿದುಕೊಂಡು ಓಡಾಡಿದೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ಆ ತಿಂಗಳುಗಳಲ್ಲಿ ಗಾಳಿಯೇ ಒದ್ದೆ. ಚಿರೇಕಲ್ಲಿನ ಗೋಡೆ ನೆಲದ ನೀರನ್ನು ಮೇಲಕ್ಕೆಳೆಯುತ್ತದೆ. ಮಂಗಳೂರು ಹೆಂಚನ್ನು ಗಾರೆ ಹಾಕಿ ಕೂರಿಸುವುದಿಲ್ಲ, ಒಂದರ ಅಂಚಿಗೆ ಇನ್ನೊಂದರ ಅಂಚು ಸಿಕ್ಕಿಕೊಂಡು ಅದು ನಿಲ್ಲುತ್ತದೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದಂದಿನಿಂದ ಊರೂರಿಗೆ ಹಬ್ಬಿದ ಆ ಹೆಂಚಿನ ಗುಣವೂ ಅದೇ, ಸಂಕಟವೂ ಅದೇ. ಒಡೆದ ಒಂದನ್ನು ತೆಗೆದು ಇನ್ನೊಂದನ್ನು ಯಾರು ಬೇಕಾದರೂ ಇಡಬಹುದು, ಆದರೆ ಮಂಗ ಹಾರಿದರೂ ಸಾಕು ಒಂದು ಜರುಗುತ್ತದೆ. ಜರುಗಿದ ಹೆಂಚಿನ ಸಂದಿಯಿಂದ ನೂಲಿನಂತೆ ಇಳಿಯುವ ನೀರು ಪಕ್ಕಾಸಿನ (ಹೆಂಚನ್ನು ಹೊರುವ ಮರದ ತೊಲೆಯ) ಗುಂಟ ಹರಿದು ಗೋಡೆಯ ತಲೆಗೆ ಬರುತ್ತದೆ, ಒದ್ದೆಯಾದ ಮರವನ್ನು ಹುಡುಕಿಕೊಂಡು ನಮ್ಮ ಕಡೆ ವರಲೆ ಎಂದು ಕರೆಯುವ ಗೆದ್ದಲು ನೆಲದಿಂದ ಮಣ್ಣಿನ ಗೆರೆ ಎಳೆದುಕೊಂಡು ಮೇಲೇರುತ್ತದೆ. ಮೆತ್ತಿನ (ಮಹಡಿಯ) ಮೇಲೆ ನಾನು ಕಂಡದ್ದು ಇದೇ: ಎರಡು ಹೆಂಚು ಜರುಗಿದ್ದವು, ಅದರ ಕೆಳಗಿನ ಮೂಲೆಯಲ್ಲಿ ಅಪ್ಪನ ಪುಸ್ತಕಗಳ ಕಪಾಟಿನ ಹಿಂಬದಿಗೆ ಬೆರಳು ಗಾತ್ರದ ಮಣ್ಣಿನ ಗೆರೆ ಹತ್ತಿತ್ತು. ಇಷ್ಟಾಗಲು ಬೇಕಾದದ್ದು ಮೂರು ತಿಂಗಳು.

ಹಾಗಾದರೆ ಹಿಂದಿನ ನಲವತ್ತು ಮಳೆಗಾಲಗಳಲ್ಲಿ ಇದೆಲ್ಲ ಏಕೆ ಆಗಿರಲಿಲ್ಲ? ಬೆಳಿಗ್ಗೆ ಐದಕ್ಕೆ ಎದ್ದು ಹೊತ್ತಿಸುತ್ತಿದ್ದ ಬಚ್ಚಲೊಲೆ ಬರೀ ಸ್ನಾನದ ನೀರಿಗಾಗಿ ಉರಿಯುತ್ತಿರಲಿಲ್ಲ. ಅದರ ಹೊಗೆಯೂ ಬಿಸಿಯೂ ಮಾಡಿನ ಮರಕ್ಕೆ ಹುಳ ಬೀಳದಂತೆ ಕಾಯುತ್ತಿದ್ದವು. ಮಳೆ ಹೊಳವಾದ ಅರ್ಧ ಗಂಟೆಯಲ್ಲಿ ಅವಳು ಎಲ್ಲ ಕಿಟಕಿಗಳನ್ನೂ ತೆಗೆದು, ಮೋಡ ಕವಿದೊಡನೆ ಮುಚ್ಚುತ್ತಿದ್ದಳು. ಪೊರಕೆ ಹಿಡಿದು ಗೋಡೆಯ ಬುಡ ನೋಡುತ್ತ ಹೋಗಿ ಮಣ್ಣಿನ ಗೆರೆ ಕಂಡರೆ ಅಲ್ಲೇ ಕೆರೆದು ಹಾಕುತ್ತಿದ್ದಳು. ನಾನು ವಾರಕ್ಕೆರಡು ಸಲ ಫೋನು ಮಾಡಿ “ಏನು ಮಾಡ್ತಿದ್ದೆ?” ಎಂದು ಕೇಳಿದಾಗಲೆಲ್ಲ ಅವಳು “ಎಂತ ಇಲ್ಲ, ಸುಮ್ಮನೆ ಇದ್ದೆ” ಎನ್ನುತ್ತಿದ್ದಳು, ನಾನು ಅದನ್ನು ನಂಬುತ್ತಿದ್ದೆ. “ಅಮ್ಮ ಮನೆಯಲ್ಲೇ ಇರುತ್ತಾರೆ, ಆರಾಮಾಗಿದ್ದಾರೆ” ಎಂದು ಇಲ್ಲಿ ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಮಳೆಗೂ ಮನೆಗೂ ನಡುವೆ ಅವಳೊಬ್ಬಳೇ ನಿಂತಿದ್ದಳು ಎಂಬುದು ಅವಳು ಸತ್ತ ಮೇಲೆ, ಬೂಷ್ಟು ಹಿಡಿದ ಕುರ್ಚಿಯನ್ನು ಕಂಡ ಮೇಲೆ ನನಗೆ ಗೊತ್ತಾದದ್ದು ನನ್ನ ದುಃಖದ ಬಹು ದೊಡ್ಡ ಪಾಲು.

ತಂದೆತಾಯಿಯರನ್ನು ಕಳೆದುಕೊಂಡ ಸದಸ್ಯರು ಸಂಘದ ಕೂಟಗಳಲ್ಲಿ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಊರಿನ ಮನೆಯನ್ನು ಏನು ಮಾಡುವುದು? ಕಾಗದಪತ್ರಗಳ ಮಾತನ್ನು ಮೊದಲು ಮುಗಿಸುತ್ತೇನೆ. ಮರಣವನ್ನು 21 ದಿನಗಳೊಳಗೆ ನೋಂದಾಯಿಸಬೇಕು ಎಂಬುದು 1969ರ ಜನನ ಮರಣ ನೋಂದಣಿ ಕಾಯ್ದೆಯ ನಿಯಮ, ಕ್ರಿಯೆಗೆ ಹೋದವರು ಅಷ್ಟರೊಳಗೇ ಆ ಕೆಲಸ ಆಗಿದೆಯೇ ಎಂದು ವಿಚಾರಿಸಿಕೊಳ್ಳಿ. ಆಮೇಲೆ ನಾಡಕಚೇರಿಯಲ್ಲಿ ವಂಶವೃಕ್ಷ, ಅದರ ಆಧಾರದ ಮೇಲೆ ಪೌತಿ ಖಾತೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು), ಆಗ ಜಮೀನಿನ ಪಹಣಿಯಲ್ಲಿ ಹೆಸರು ಬದಲಾಗುತ್ತದೆ. ಹೊರದೇಶದಲ್ಲಿ ನೆಲಸಿದವರಿಗೆ ಕೃಷಿ ಭೂಮಿಯನ್ನು ಕೊಳ್ಳಲು ಅವಕಾಶವಿಲ್ಲದಿದ್ದರೂ ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಈ ಕೆಲಸಗಳಿಗೆ ಅಲೆದಾಟ ಇದೆ, ಆದರೆ ದಾರಿಯೂ ಇದೆ.

ಮಳೆ ಕಾಗದಕ್ಕಾಗಿ ಕಾಯುವುದಿಲ್ಲ ಎನ್ನುವುದೇ ಕಷ್ಟ. ನಮ್ಮಲ್ಲಿ ಹಲವರು, ನಾನೂ ಸೇರಿ, ನಿರ್ಧಾರ ಮಾಡಲು ಮನಸ್ಸು ಬಾರದೆ ಬೀಗ ಹಾಕುತ್ತೇವೆ, ಬೀಗ ಹಾಕಿದ್ದರಿಂದ ಮನೆ ಉಳಿಯಿತು ಎಂದುಕೊಳ್ಳುತ್ತೇವೆ. ನಮ್ಮ ಕಡೆಯ ಹೆಂಚಿನ ಮನೆ ಉಸಿರಾಡುವ ಜನರಿಲ್ಲದೆ ಎರಡು ಮಳೆಗಾಲ ತಾಳುವುದು ಕಷ್ಟ. ಆದ್ದರಿಂದ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ: ಮನೆಯನ್ನು ಇಟ್ಟುಕೊಳ್ಳುವುದಾದರೆ ಅದರಲ್ಲಿ ಒಲೆ ಹೊತ್ತಿಸುವ ಒಂದು ಕುಟುಂಬವನ್ನು ಇರಿಸಿ, ಅವರ ಕೆಲಸಕ್ಕೆ ತಕ್ಕ ಸಂಬಳ ಕೊಡಿ, ಬಾಡಿಗೆ ಕೇಳಬೇಡಿ. ಅದಾಗದಿದ್ದರೆ ಗೋಡೆ ಗಟ್ಟಿಯಾಗಿರುವಾಗಲೇ ವಾಸಮಾಡುವವರಿಗೆ ಮಾರಿ, ಅದರಲ್ಲಿ ತಂದೆತಾಯಿಯರಿಗೆ ಮಾಡುವ ದ್ರೋಹವೇನೂ ಇಲ್ಲ. ನಾವು ಮೊದಲನೆಯದನ್ನು ಆರಿಸಿಕೊಂಡೆವು. ಅಮ್ಮನಿಗೆ ತೋಟದ ಕೆಲಸದಲ್ಲಿ ನೆರವಾಗುತ್ತಿದ್ದ ದಂಪತಿ ಈಗ ಆ ಮನೆಯಲ್ಲಿದ್ದಾರೆ.

ತಂದೆತಾಯಿ ಇನ್ನೂ ಊರಿನಲ್ಲಿ ಇರುವ ಓದುಗರಲ್ಲಿ ಒಂದು ಕೋರಿಕೆ ಇದೆ. ಮುಂದಿನ ಸಲ ಫೋನು ಮಾಡಿದಾಗ ಬೆಳಿಗ್ಗೆಯಿಂದ ಮನೆಯಲ್ಲಿ ಏನೇನು ಕೆಲಸ ಆಯಿತು ಎಂದು ಬಿಡಿಸಿ ಕೇಳಿ, “ಎಂತ ಇಲ್ಲ” ಎಂದರೆ ಬಿಡಬೇಡಿ. ಹೆಂಚು ಕೈಯಾಡಿಸಲು ಬರುವವರು ಯಾರು, ಬಾವಿಯ ಪಂಪು ಕೆಟ್ಟರೆ ಕರೆಯುವುದು ಯಾರನ್ನು, ಮಾಡಿನ ಯಾವ ಮೂಲೆ ಸೋರುತ್ತದೆ, ಇವನ್ನು ಬರೆದಿಟ್ಟುಕೊಳ್ಳಿ. ನಾನು ಬರೆದಿಟ್ಟಿರಲಿಲ್ಲ.

ಆದರೆ ಅಮ್ಮ ಬರೆದಿದ್ದಳು. ಅಡುಗೆಮನೆಯ ಗೋಡೆಯ ಕ್ಯಾಲೆಂಡರು ಜೂನ್ ತಿಂಗಳಿನಲ್ಲೇ ನಿಂತಿತ್ತು. ಪ್ರತಿ ಜನವರಿಯಲ್ಲೂ ಅವಳು ಹಳೆಯ ಕ್ಯಾಲೆಂಡರಿನಿಂದ ಹೊಸದಕ್ಕೆ ವರ್ಷದ ಕೆಲಸಗಳನ್ನು ನಕಲು ಮಾಡಿಕೊಳ್ಳುತ್ತಿದ್ದಳೆಂದು ಅಣ್ಣ ಹೇಳಿದ ಮೇಲೆ ನಾನು ಹಾಳೆ ತಿರುವಿದೆ. ಸೆಪ್ಟೆಂಬರಿನ ಕೊನೆಯ ವಾರದ ಮೇಲೆ ನೀಲಿ ಪೆನ್ನಿನಲ್ಲಿ ಚಿಕ್ಕದಾಗಿ, “ಬಿಸಿಲು ನೋಡಿ: ಮೆತ್ತಿನ ಪುಸ್ತಕ, ಹಾಸಿಗೆ, ರೇಷ್ಮೆ ಸೀರೆ ನೆರಳಿಗೆ” ಎಂದು ಇತ್ತು. ಎರಡು ದಿನ ಮೋಡ ಮುಸುಕಿತ್ತು, ಮೂರನೆಯ ದಿನ ಹತ್ತು ಗಂಟೆಗೆ ಬಿಸಿಲು ಬಿತ್ತು. ಅಣ್ಣ ಮೆತ್ತಿನಿಂದ ಪುಸ್ತಕಗಳನ್ನು ಇಳಿಸಿ ಕೊಟ್ಟಂತೆ ನಾನು ಅಂಗಳದಲ್ಲಿ ಚಾಪೆಯ ಮೇಲೆ ಒಂದೊಂದನ್ನೇ ಬಿಡಿಸಿ ನಿಲ್ಲಿಸಿದೆ. ಸೀರೆಗಳನ್ನು ಜಗಲಿಯ ನೆರಳಿನಲ್ಲಿ ಹಗ್ಗಕ್ಕೆ ಹಾಕಿದೆವು. ಆಮೇಲೆ ಒಂದು ಒಣ ಬಟ್ಟೆ ತಂದು ಕುರ್ಚಿಯ ಕೈಗಳನ್ನು ಒರೆಸಿ, ಅದನ್ನೂ ಹೊತ್ತು ತಂದು ಬಿಸಿಲಿಗೆ ಇಟ್ಟೆ.