ಮುನ್ಸೂಚನೆಯ ಫೈಲು ಎಲ್ಲಿ ನಿಂತಿತು?

ಪ್ರೀತಿಯ ತಮ್ಮ,

ಮುಂಬೈ ದಾಳಿಯನ್ನು ಹಿಡಿದು ನೀನು ಬರೆಯುತ್ತಿರುವ ಥ್ರಿಲ್ಲರಿನ ಮೊದಲ ಎಂಟು ಅಧ್ಯಾಯ ಓದಿದೆ. ಓಟ ಚೆನ್ನಾಗಿದೆ. ಆದರೆ ಭದ್ರತಾ ವೈಫಲ್ಯವನ್ನೆಲ್ಲ ಒಬ್ಬ ಲಂಚಕೋರ ಅಧಿಕಾರಿಯ ತಲೆಗೆ ಕಟ್ಟಿಬಿಟ್ಟಿದ್ದೀಯ. ಅಲ್ಲಿಗೆ ಕಥೆಯ ಅರ್ಧ ಜೀವ ಹೋಯಿತು.

ನಿಜಕ್ಕೂ ನಡೆದದ್ದೇನು ನೋಡು. ಸಮುದ್ರದ ಕಡೆಯಿಂದ ದಾಳಿಯಾಗಬಹುದೆಂಬ ಮುನ್ಸೂಚನೆ ಮೊದಲೇ ಬಂದಿತ್ತು. ತಾಜ್ ಹೋಟೆಲಿನ ಕಾವಲು ಬಿಗಿಯಾಗಿ, ಮತ್ತೆ ಸಡಿಲವೂ ಆಗಿತ್ತು. ಕರಾಚಿಯಿಂದ ಹೊರಟ ಹತ್ತು ಮಂದಿ ನಡುಗಡಲಲ್ಲಿ ‘ಕುಬೇರ್’ ಎಂಬ ನಮ್ಮದೇ ಮೀನುಗಾರಿಕೆ ದೋಣಿ ಹಿಡಿದು, 2008ರ ನವೆಂಬರ್ 26ರ ರಾತ್ರಿ ರಬ್ಬರ್ ದೋಣಿಯಲ್ಲಿ ಕೊಲಾಬಾದ ಮೀನುಗಾರರ ಕೇರಿ ಹತ್ತಿರ ಇಳಿದರು. ಇಲ್ಲಿ ಯಾರೂ ಲಂಚ ತಿನ್ನಬೇಕಾದ್ದೇ ಇಲ್ಲ. ಕಾವಲು ಸಡಿಲಿಸುವವನಿಗೆ ಏನೇನು ಕಾರಣ ಇರಬಹುದು ಎಂದು ಯೋಚಿಸು: ಗಿರಾಕಿಗಳ ಗೊಣಗಾಟ, ಏನೂ ಆಗದೆ ಕಳೆದ ವಾರಗಳು. ‘ನಾನಿದ್ದರೂ ಹೀಗೇ ಮಾಡುತ್ತಿದ್ದೆ’ ಎಂದು ಓದುಗನಿಗೆ ಅನ್ನಿಸಿದ ಮೇಲೆ ಗುಂಡಿನ ಸದ್ದು ಕೇಳಿಸು.

ಮೊದಲು ಒಂದು ದೊಡ್ಡ ಡ್ರಾಯಿಂಗ್ ಹಾಳೆ ತಗೋ. ಎಡಕ್ಕೆ ಗಂಟೆಗಳು, ಸುಮಾರು 60 ಗಂಟೆ ನಡೆದ ಘಟನೆ ಅದು. ಮೇಲ್ಗಡೆ ಐದು ಕಾಲಂ: ದಾಳಿಕೋರರು, ಫೋನಿನಾಚೆಯ ಸೂತ್ರಧಾರರು, ಕಂಟ್ರೋಲ್ ರೂಮು, ಬೀದಿಯ ಪೊಲೀಸ್, ಟೀವಿ. ಒಂದೊಂದು ಮನೆಯಲ್ಲೂ ‘ಈ ಹೊತ್ತಿಗೆ ಇವರಿಗೆ ಗೊತ್ತಿರುವುದೇನು’ ಎಂಬುದಷ್ಟನ್ನೇ ಬರಿ. ಅಕ್ಕಪಕ್ಕದ ಎರಡು ಮನೆಗೆ ತಾಳೆಯಾಗದ ಕಡೆ ನಿನಗೊಂದು ದೃಶ್ಯ ಸಿಗುತ್ತದೆ. ಐದನೇ ಅಧ್ಯಾಯದಲ್ಲಿ ನಿನ್ನ ಕಮಿಷನರ್‌ಗೆ ರಾತ್ರಿ ಹತ್ತಕ್ಕೇ ದಾಳಿಕೋರರು ಹತ್ತು ಜನ ಎಂದು ಗೊತ್ತು! ಆ ಹೊತ್ತಿಗೆ ಗ್ಯಾಂಗುಗಳ ಜಗಳವೆಂಬ ಗುಮಾನಿಯೇ ಇನ್ನೂ ಸುಳಿದಾಡುತ್ತಿತ್ತು. ಟೀವಿ ಕಾಲಂ ಬಿಡಬೇಡ. ನೇರಪ್ರಸಾರ ನೋಡುತ್ತಲೇ ಗಡಿಯಾಚೆಯಿಂದ ಇಂಟರ್‌ನೆಟ್ ಕರೆಗಳಲ್ಲಿ ಸೂಚನೆ ಹೋಗುತ್ತಿತ್ತು. 2012ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಚಾನೆಲ್‌ಗಳನ್ನು ಕಟುವಾಗಿಯೇ ಟೀಕಿಸಿತು. ನಿನ್ನ ವರದಿಗಾರ್ತಿಯ ಪಾತ್ರ ಇನ್ನೂ ಕಾಗದದ ಗೊಂಬೆ. ಅವಳ ಇಕ್ಕಟ್ಟು ಇಲ್ಲೇ ಇದೆ.

ಕಥೆಯ ಇಸವಿ ಗಟ್ಟಿ ಮಾಡಿಕೋ. 2007ರಲ್ಲಿ ನಡೆಯುವ ಅಧ್ಯಾಯಕ್ಕೆ ಎನ್‌ಐಎ (ರಾಷ್ಟ್ರೀಯ ತನಿಖಾ ಸಂಸ್ಥೆ) ಅಧಿಕಾರಿಯನ್ನು ತಂದಿದ್ದೀಯ. ಆ ಸಂಸ್ಥೆಯ ಕಾಯ್ದೆ ಬಂದದ್ದೇ 2008ರ ಡಿಸೆಂಬರ್ ಕೊನೆಗೆ. ನಿನ್ನ ಎನ್‌ಎಸ್‌ಜಿ (ರಾಷ್ಟ್ರೀಯ ಭದ್ರತಾ ಪಡೆ) ಕಮಾಂಡೊಗಳು 40 ನಿಮಿಷಕ್ಕೆ ತಾಜ್ ಮುಂದೆ ಇಳಿಯುತ್ತಾರೆ. ಆಗ ಅವರಿದ್ದದ್ದು ಹರಿಯಾಣದ ಮಾನೇಸರದಲ್ಲಿ, ವಿಮಾನ ಚಂಡೀಗಢದಲ್ಲಿ. ಮುಂಬೈ ಮುಟ್ಟುವಾಗ ಮರುದಿನದ ಬೆಳಗು. ಆ ಕಾಯುವಿಕೆಗೆ ಇಡೀ ಒಂದು ಅಧ್ಯಾಯ ಕೊಡು, ಹಾರಿಸಬೇಡ. ಮುಂಬೈ, ಚೆನ್ನೈ, ಹೈದರಾಬಾದ್, ಕೋಲ್ಕತ್ತಾದಲ್ಲಿ ಅವರ ನೆಲೆಗಳಾದದ್ದು 2009ರಲ್ಲಿ.

ಅಧಿಕಾರದ ಗೆರೆಗಳೂ ಹಾಗೆಯೇ. ಹೊರದೇಶದ ಗುಪ್ತಚರ ಸಂಸ್ಥೆ ರಾ ಆಗಲಿ ಒಳನಾಡಿನ ಗುಪ್ತಚರ ಸಂಸ್ಥೆ ಐಬಿ ಆಗಲಿ ಯಾರನ್ನೂ ಬಂಧಿಸುವಂತಿಲ್ಲ. ಪೊಲೀಸ್ ವ್ಯವಸ್ಥೆ ರಾಜ್ಯದ ವಿಷಯ. ನಿನ್ನ ರಾ ನಾಯಕ ಶಿವಾಜಿನಗರದಲ್ಲಿ ಬೇಡಿ ಹಾಕುವುದನ್ನು ತೆಗೆದು, ಸ್ಥಳೀಯ ಇನ್‌ಸ್ಪೆಕ್ಟರ್ ಎದುರು ನಿಲ್ಲಿಸು. ‘ಕೇಸ್ ನಂಬರ್ ಹೇಳಿ ಸಾರ್’ ಅಂತ ಅವನು ಕೇಳಲಿ, ಗಡಿಯಾರ ಓಡಲಿ. ಠಾಣೆಯಲ್ಲಿ ಹೊಡೆದು ಬಾಯಿ ಬಿಡಿಸಿದ ತಪ್ಪೊಪ್ಪಿಗೆ ಸಾಮಾನ್ಯವಾಗಿ ಕೋರ್ಟಿನಲ್ಲಿ ಸಾಕ್ಷ್ಯವಾಗದು. ಜೀವಂತ ಸಿಕ್ಕ ಒಬ್ಬನೇ ದಾಳಿಕೋರ ಕಸಬ್‌ನ ಹೇಳಿಕೆಯನ್ನೂ ಮ್ಯಾಜಿಸ್ಟ್ರೇಟರ ಮುಂದೆಯೇ ದಾಖಲಿಸಿದರು.

ಸಣ್ಣದೊಂದು: ಎಕೆ-47ರ ಸಾಮಾನ್ಯ ಮ್ಯಾಗಜಿನ್‌ನಲ್ಲಿ 30 ಗುಂಡು. ಒತ್ತಿ ಹಿಡಿದರೆ ಮೂರೇ ಸೆಕೆಂಡಿಗೆ ಖಾಲಿ. ನಿನ್ನವನು ಅರ್ಧ ಪುಟ ಹಾರಿಸುತ್ತಲೇ ಇದ್ದಾನೆ. ಬಾಂಬಿಗೆ ಏನೇನು ಬೆರೆಸಿದರು ಎಂಬ ಪ್ಯಾರಾ ಪೂರ್ತಿ ಹೊಡೆದುಹಾಕು. ಓದುಗನಿಗೆ ಬೆವೆತ ಅಂಗೈ ಸಾಕು. ಭಟ್ಕಳದ ಹೆಸರು ಬಂದ ಕೂಡಲೇ ಇಡೀ ಊರನ್ನು ಕಟಕಟೆಗೆ ಹತ್ತಿಸುವ ಸಾಲು ಕೂಡ ಹೋಗಲಿ, ಅದು ಸೋಮಾರಿತನ.

ಆ ದಾಳಿಯಲ್ಲಿ ಮಡಿದ ಮುಂಬೈ ಪೊಲೀಸ್ ತುಕಾರಾಂ ಓಂಬ್ಳೆ, ನಮ್ಮ ಬೆಂಗಳೂರಲ್ಲೇ ಬೆಳೆದ ಎನ್‌ಎಸ್‌ಜಿ ಮೇಜರ್ ಸಂದೀಪ್ ಉನ್ನಿಕೃಷ್ಣನ್, ಇವರ ಬಾಯಿಗೆ ನೀನು ಡೈಲಾಗ್ ತುರುಕಬೇಡ. ಓಂಬ್ಳೆ ಲಾಠಿ ಹಿಡಿದು ಹೋಗಿ ಕಸಬ್‌ನ ರೈಫಲಿನ ನಳಿಗೆಯನ್ನೇ ಹಿಡಿದುಕೊಂಡರು. ಅದರ ಮೇಲೆ ವಿಶೇಷಣ ಹೇರಿದಷ್ಟೂ ದೃಶ್ಯ ಕುಗ್ಗುತ್ತದೆ.

ಒಂಬತ್ತನೇ ಅಧ್ಯಾಯ ಈಗಲೇ ಬೇಡ. ಹಾಳೆ ತುಂಬಿದ ಮೇಲೆ ಅದರ ಫೋಟೊ ಕಳಿಸು. ಖಾಲಿ ಉಳಿದ ಮನೆಗಳಿಗೆ ಕೆಂಪು ಗುರುತು ಹಾಕಿರು.

ನಿನ್ನ,
ಅಣ್ಣ